ಅವ್ವನ ಉಪ್ಪು ನೋಡುವ ಸರದಿ

ಆಗೆಲ್ಲ ನಮ್ಮೂರ ಶಾಲೆಯಲ್ಲಿ ಊಟದ ಗಂಟೆ ಹೊಡೆದು, ತಟ್ಟೆಗೆ ಅನ್ನ ಬಿದ್ದು, ಸಾರಿನ ಘಮ ಮೂಗಿಗೆ ಹತ್ತಿದರೂ ಯಾರೂ ತುತ್ತು ಎತ್ತುತ್ತಿರಲಿಲ್ಲ. ಯಾರಾದರೂ ಒಬ್ಬ ತಾಯಿ ಮೊದಲು ರುಚಿ ನೋಡಿ "ಉಪ್ಪು ಸರ್ಯಾಗದೆ, ಉಣ್ಣಿ ಮಕ್ಳೇ" ಅನ್ನಬೇಕಿತ್ತು. ಆಮೇಲೆ ನೋಡಬೇಕಿತ್ತು ನಮ್ಮ ದಾಳಿಯನ್ನು!

ಗುಂಡ್ಲುಪೇಟೆಯಿಂದ ಗೋಪಾಲಸ್ವಾಮಿ ಬೆಟ್ಟದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಶಾಲೆಯ ಹಿಂದಿನ ಶೀಟಿನ ಕೋಣೆಯಲ್ಲಿ ಅಡುಗೆಯ ಸಿದ್ದಮ್ಮ ಬೇಯಿಸುತ್ತಿದ್ದಳು. ಮಕ್ಕಳಿಗೆ ಬಡಿಸುವ ಮುಂಚೆ ದೊಡ್ಡವರು ತಿಂದು ನೋಡಬೇಕು ಅನ್ನುವುದು ನಿಯಮವಂತೆ. ನಮ್ಮ ಹೆಡ್‌ಮೇಷ್ಟ್ರು ಅದನ್ನು ದಿನಕ್ಕೊಬ್ಬ ತಾಯಿಯಂತೆ ಸರದಿ ಮಾಡಿಬಿಟ್ಟರು. ಬೇರೆಯವರ ಹೊಲದಲ್ಲಿ ಈರುಳ್ಳಿ ಕೀಳುವ ಹೆಂಗಸರು ಸರದಿಯ ದಿನ ತಲೆ ಬಾಚಿ, ಕನಕಾಂಬರ ಮುಡಿದು, ಟ್ರಂಕಿನ ಸೀರೆ ಉಟ್ಟು ಬರುತ್ತಿದ್ದರು. ಕೈ ತೊಳೆದು, ಒಂದು ತುತ್ತು ಬಾಯಿಗಿಟ್ಟು ಅವರು ಅಗಿಯುವಾಗ ಇಡೀ ಶಾಲೆ ಅವರ ಬಾಯನ್ನೇ ನೋಡುತ್ತಿತ್ತು. ಟೈಲರ್ ಸಾಬರ ಹೆಂಡತಿ, ನನ್ನ ಗೆಳತಿ ಶಾಹಿದಾಳ ತಾಯಿ, ಒಮ್ಮೆ "ಉಪ್ಪು ವಸಿ ಕಮ್ಮಿ ಅದೆ ಸಿದ್ದಕ್ಕ" ಅಂದುಬಿಟ್ಟರು. ಸಿದ್ದಮ್ಮನ ಮುಖ ನೋಡಬೇಕಿತ್ತು, ಹರಳೆಣ್ಣೆ ಕುಡಿದವಳ ಹಾಗೆ. ಅವತ್ತು ಕುಂಟೆಬಿಲ್ಲೆಯಲ್ಲಿ ಮೊದಲ ಆಟ ಶಾಹಿದಾಳದ್ದೇ. ಸರದಿ ಬಂದ ತಾಯಿಯ ಮಗುವಿಗೆ ಅಷ್ಟು ಗೌರವ.

ಅಪ್ಪ ನಮ್ಮನ್ನು ಬಿಟ್ಟು ಎಲ್ಲಿಗೋ ಹೋಗಿದ್ದ. ಅವ್ವ ವಯನಾಡಿನಲ್ಲಿ ಶುಂಠಿ ಹೊಲದ ಕೂಲಿಗೆ ಹೋಗಿದ್ದಳು. ನಾನು ಊರಲ್ಲಿ ಅಜ್ಜಿಯ ಜೊತೆ. ಅವ್ವ ಯಾವಾಗಲೋ ಒಮ್ಮೆ ಬಂದರೆ ಅವಳ ಕೈ, ಸೆರಗು, ತಲೆಗೂದಲು ಎಲ್ಲವೂ ಶುಂಠಿಯ ವಾಸನೆ. ಅವಳು ಹೋದ ಮೇಲೂ ಅವಳು ಮಲಗಿದ್ದ ಕಂಬಳಿಯನ್ನು ಮೂಸುತ್ತಾ ನಿದ್ದೆ ಹೋಗುತ್ತಿದ್ದೆ.

ಸರದಿ ಸುತ್ತಿ ಸುತ್ತಿ ನಮ್ಮ ಮನೆಗೆ ಬಂತು. "ನಾನೇ ಓಗ್ಬತ್ತೀನಿ ಬುಡು, ನನ್ ನಾಲ್ಗೆ ಏನ್ ಸತ್ತೋಗದಾ?" ಎಂದು ಅಜ್ಜಿ ಎದ್ದೇ ನಿಂತಳು. ಆದರೆ ಹಿಂದಿನ ದಿನ ಕೂಲಿ ಮೇಸ್ತ್ರಿಯ ಫೋನಿನಿಂದ ಪಕ್ಕದ ಮನೆಗೆ ಅವ್ವ ಮಾತಾಡಿದ್ದಳು. ವಿಷಯ ಕೇಳಿ ಅವಳಿಗೆ ಎಷ್ಟು ಖುಷಿಯಾಯಿತೋ!

"ನನ್ ಸರದಿನ ಯಾರ್ಗೂ ಕೊಡ್ಬ್ಯಾಡಿ ಅಂತ ಸಿದ್ದಕ್ಕಂಗೆ ಯೋಳು ಕೂಸೇ. ಶುಂಠಿ ಕಿತ್ತಾದ ತಕ್ಷಣ ಬತ್ತೀನಿ. ನೀನ್ ಓದೋ ಸ್ಕೂಲ ನಾನೂ ಒಂದ್ ದಪ ನೋಡ್ಬೇಕು."

ಸಿದ್ದಮ್ಮ ಬೆಂಕಿ ಊದುತ್ತಲೇ ಹೇಳಿದಳು, "ಆಯ್ತು ಕಣಮ್ಮಿ. ನಿಮ್ಮವ್ವ ಬಂದ ದಿನ್ವೇ ನಿಂದು. ಯತ್ತಿಟ್ಟಿರ್ತೀನಿ."

ನನ್ನ ಸರದಿ ಎತ್ತಿಟ್ಟಿದೆ! ಶಾಲೆಗೆಲ್ಲ ಹೇಳಿಕೊಂಡು ತಿರುಗಿದೆ. "ನಿಂಗೆ ಅವ್ವ ಅನ್ನೋಳು ಅವ್ಳೋ ಇಲ್ವೋ" ಎಂದು ರೇಗಿಸುತ್ತಿದ್ದ ಹುಡುಗರಿಗೆ "ಬತ್ತಾಳೆ, ನೋಡ್ತಿರ್ರಲಾ" ಅನ್ನುತ್ತಿದ್ದೆ.

ಅಷ್ಟರಲ್ಲಿ ಶಾಲೆಗೆ ವ್ಯಾನು ಬಂತು. ಯಾವುದೋ ಸೇವಾಸಂಸ್ಥೆಯವರು ಸರ್ಕಾರದ ಜೊತೆ ಕೈಜೋಡಿಸಿ, ಪೇಟೆಯಲ್ಲಿ ದೊಡ್ಡ ಅಡುಗೆಮನೆ ಕಟ್ಟಿಸಿ, ಸುತ್ತಲಿನ ಹಳ್ಳಿಗಳಿಗೆಲ್ಲ ಊಟ ಕಳಿಸುತ್ತಾರಂತೆ. ಹೊರದೇಶದವರೂ ದುಡ್ಡು ಹಾಕಿದ್ದಾರಂತೆ. ಮೊದಲ ದಿನ ಪಾಯಸ, ಹೊಸ ಸ್ಟೀಲ್ ತಟ್ಟೆ. ಊರವರೆಲ್ಲ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಸುಳ್ಳು ಯಾಕೆ ಹೇಳಲಿ, ಊಟ ಚೆನ್ನಾಗಿತ್ತು, ಸುಡುಸುಡು ಇರುತ್ತಿತ್ತು, ಸಾರಿನಲ್ಲಿ ತರಕಾರಿ ಕೈಗೆ ಸಿಗುತ್ತಿತ್ತು. ಸಿದ್ದಮ್ಮನಿಗೆ ಬಡಿಸುವ ಕೆಲಸ ಉಳಿಯಿತು. ಒಲೆಯಲ್ಲಿ ಬೆಕ್ಕು ಮಲಗತೊಡಗಿತು. ತಾಯಂದಿರ ಸರದಿ ನಿಂತಿತು. ಪೇಟೆಯಲ್ಲೇ ರುಚಿ ನೋಡಿ ಕಳಿಸುತ್ತಾರೆ ಎಂದು ಮೇಷ್ಟ್ರು ಹೇಳಿದಾಗ ನಾನೇನೂ ಹೆದರಲಿಲ್ಲ. ನನ್ನದು ಎತ್ತಿಟ್ಟ ಸರದಿಯಲ್ಲವೇ, ಅದು ಇದ್ದೇ ಇದೆ ಅಂದುಕೊಂಡಿದ್ದೆ. ಮಕ್ಕಳ ಲೆಕ್ಕವೇ ಹಾಗೆ.

ಒಂದು ಬೆಳಿಗ್ಗೆ ಅವ್ವ ಬಂದೇ ಬಂದಳು. ಹುಣಸೆಹಣ್ಣು ಹಾಕಿ ಕೈ ಉಜ್ಜಿದಳು. ಉಗುರಿನ ಸಂದಿಯ ಮಣ್ಣನ್ನು ಕಡ್ಡಿಯಿಂದ ತೆಗೆದಳು. ಹಬ್ಬದ ಹಸಿರು ಸೀರೆ ಉಟ್ಟು, ಅಜ್ಜಿ ಕಟ್ಟಿಕೊಟ್ಟ ಕನಕಾಂಬರ ಮುಡಿದಳು. ಅವಳ ಕೈ ಹಿಡಿದು ಶಾಲೆಗೆ ನಡೆದೆನಲ್ಲ, ಆ ಜಂಬ ಆಮೇಲೆ ಯಾವತ್ತೂ ನನಗೆ ಬಂದಿಲ್ಲ. ನಾನು ಕೂರುವ ಜಾಗ ತೋರಿಸಿದೆ. ಅವ್ವ ಅದನ್ನು ಕೈಯಿಂದ ಸವರಿದಳು.

ಗಂಟೆ ಹೊಡೆಯಿತು. ಅವ್ವ ನಲ್ಲಿಯಲ್ಲಿ ಕೈ ತೊಳೆದು, ಒದ್ದೆ ಬಲಗೈ ಮುಂದೆ ಹಿಡಿದುಕೊಂಡೇ ವ್ಯಾನಿನಿಂದ ಇಳಿಸಿದ್ದ ಡಬ್ಬಿಯ ಹತ್ತಿರ ಹೋಗಿ ನಿಂತಳು. ನಾಚಿಕೆಯಿಂದ ಸಣ್ಣಗೆ ನಗುತ್ತಿದ್ದಳು. ಹೆಡ್‌ಮೇಷ್ಟ್ರು ಅವತ್ತು ಮೀಟಿಂಗಿಗೆ ಹೋಗಿದ್ದರು. ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ ಸಂಸ್ಥೆಯ ಹುಡುಗ ಅವಳ ಚಾಚಿದ ಕೈ ನೋಡಿದ.

"ಇದು ಮಕ್ಕಳ ಊಟ ಅಮ್ಮಾ. ಹಸಿವಾಗಿದ್ರೆ ಆ ಕಡೆ ಕೂತಿರಿ, ಕೊನೇಲಿ ಉಳಿದ್ರೆ ಹಾಕಿಸಿಕೊಡ್ತೀನಿ."

ಮೆತ್ತಗೇ ಹೇಳಿದ, ಪಾಪ. ಕನಿಕರದಿಂದಲೇ ಹೇಳಿದ. ಅವ್ವನ ನಗು ಮುಖದಲ್ಲೇ ಒಣಗಿಹೋಯಿತು.

"ಉಣ್ಣಕ್ ಬರ್ನಿಲ್ಲ ಕಣಪ್ಪ," ಅಂದಳು. "ನನ್ ಸರದಿ ಇತ್ತು. ಅದ್ಕೆ ಬಂದೆ."

"ಎಂಥ ಸರದಿ?"

ಸೌಟು ಹಿಡಿದಿದ್ದ ಸಿದ್ದಮ್ಮ ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದಳು. ಹುಡುಗನ ಕಿವಿ ಕೆಂಪಾಯಿತು. "ಅಯ್ಯೋ, ಗೊತ್ತಿರಲಿಲ್ಲ ಅಮ್ಮಾ. ಎಲ್ಲ ಅಲ್ಲೇ ನೋಡಿ ಕಳಿಸ್ತಾರೆ. ಇಲ್ಲಿ ಬೇರೆಯವರ ಕೈ ತಾಗೋ ಹಾಗಿಲ್ಲ, ನನ್ನ ಕೆಲಸಕ್ಕೇ ಕುತ್ತು ಬರುತ್ತೆ."

ಅಷ್ಟು ಹೊತ್ತಿಗೆ ಮೊದಲ ಸಾಲಿನವರು ಉಣ್ಣಲು ಶುರು ಮಾಡಿದ್ದರು. ಯಾರೂ ಯಾರ ಬಾಯನ್ನೂ ನೋಡುತ್ತಿರಲಿಲ್ಲ. ಅವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಆಗ್ಲಿ ಬುಡಪ್ಪ. ಮಕ್ಳು ಉಣ್ತಾ ಅವೆ, ಅಷ್ಟು ಸಾಕು."

ನನ್ನ ತಟ್ಟೆ ಎತ್ತಿಕೊಂಡು ಓಡಿ ಹೋಗಿ ಅವಳ ಮುಂದೆ ಹಿಡಿದೆ. "ನೋಡವ್ವ. ಇದ್ರಲ್ ನೋಡವ್ವ."

ಅವ್ವ ತಟ್ಟೆಯನ್ನು ಹಿಂದಕ್ಕೆ ತಳ್ಳಿದಳು. "ಬ್ಯಾಡ ಕೂಸೇ. ಈಗ ತಿಂದ್ರೆ ಉಣ್ಣಕ್ಕೇ ಬಂದಂಗಾಯ್ತದೆ."

ಗೋಡೆಗೆ ಒರಗಿ ಕೂತು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿಸಿದಳು. ನಾನು ತುತ್ತನ್ನು ಬಾಯಲ್ಲೇ ಇಟ್ಟುಕೊಂಡಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಯಾರಿಗೂ ಕೇಳದ ಹಾಗೆ ಕೇಳಿದಳು, "ಉಪ್ಪು ಸರ್ಯಾಗದಾ?"

ತಲೆ ಆಡಿಸಿದೆ.

"ಹಂಗಾರೆ ಉಣ್ಣು."

ಸಂಜೆಯ ಬಸ್ಸಿಗೆ ಹೊರಟುಹೋದಳು. ಆ ಮಳೆಗಾಲದಲ್ಲಿ ಶುಂಠಿ ಹೊಲದ ನೀರಲ್ಲಿ ನಿಂತು ನಿಂತು ಅವಳಿಗೆ ಜ್ವರ ಬಂತು. ಇಲಿಜ್ವರ ಅಂದರು. ಮೇಸ್ತ್ರಿಯ ಜೀಪಿನಲ್ಲಿ ಅವಳನ್ನು ಊರಿಗೆ ತಂದಾಗ ನಾನು ಬಗ್ಗಿ ಅವಳ ಕೈ ಮೂಸಿದೆ. ಶುಂಠಿಯ ವಾಸನೆ ಹೋಗಿತ್ತು, ಆಸ್ಪತ್ರೆಯ ವಾಸನೆ ಬರುತ್ತಿತ್ತು.

ಆ ವ್ಯಾನಿನ ಅನ್ನ ಉಂಡೇ ನಾನು ಓದಿದ್ದು. ಉಂಡ ಅನ್ನವನ್ನು ಬೈಯುವಷ್ಟು ಕೆಟ್ಟವಳಲ್ಲ ನಾನು. ಈಗ ಗುಂಡ್ಲುಪೇಟೆಯಲ್ಲಿದ್ದೇನೆ. ನನ್ನ ಮಗಳ ಶಾಲೆಗೂ ಊಟ ವ್ಯಾನಿನಲ್ಲೇ ಬರುತ್ತದೆ. ಮಕ್ಕಳ ಹೊಟ್ಟೆ ತುಂಬುತ್ತಿದೆ, ಅದಕ್ಕಿಂತ ಇನ್ನೇನು ಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಕನಕಾಂಬರ ಮುಡಿದು ಶಾಲೆಯ ಬಾಗಿಲಿಗೆ ಬರುವ ಕೂಲಿ ಹೆಂಗಸರಿಲ್ಲ. ಅವರ ನಾಲಿಗೆಯ ಮಾತಿಗೆ ಕಾದು ಕೂರುವ ಮಕ್ಕಳೂ ಇಲ್ಲ.

ಹಿರಿಯರ ಹಬ್ಬಕ್ಕೆ ಅವ್ವನಿಗೆ ಎಡೆ ಇಡುತ್ತೇನೆ. ಎಡೆಯ ಅಡುಗೆಯನ್ನು ನಾವು ರುಚಿ ನೋಡುವ ಹಾಗಿಲ್ಲ, ಮೊದಲ ತುತ್ತು ಹಿರಿಯರದ್ದೇ. ಈ ವರ್ಷವೂ ಎಲೆ ತುಂಬ ಬಡಿಸಿ, ಪಕ್ಕದಲ್ಲಿ ಹಸಿರು ಸೀರೆ ಇಟ್ಟು, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಜಗುಲಿಯ ಮೇಲೆ ಕೂತೆವು.

"ಅಜ್ಜಿ ಉಂಡಾಯ್ತೇನವ್ವ? ತೆಗೀಲಾ?" ಮಗಳು ಚಡಪಡಿಸಿದಳು.

"ತಡಿ ಕಣಮ್ಮಿ."

ಬಾಗಿಲಿಗೆ ಕಿವಿಗೊಟ್ಟು ಇನ್ನಷ್ಟು ಹೊತ್ತು ಕೂತೆ. ಆಮೇಲೆ ಬಾಗಿಲು ತೆಗೆದು, ಎಡೆಯ ಅನ್ನ ಕಲಸಿ ಮಗಳ ಕೈಗೆ ಇಟ್ಟೆ. ಒಂದು ತುತ್ತು ಬಾಯಿಗೆ ಹಾಕಿಕೊಂಡವಳು ಮುಖ ಹಿಂಡಿದಳು.

"ಅವ್ವ, ಸಾರಿಗೆ ಉಪ್ಪೇ ಹಾಕಿಲ್ವಲ್ಲ!"

ಮರೆತೇ ಹೋಗಿತ್ತು. ಅವ್ವ ಹೇಳಲೇ ಇಲ್ಲ.