ಜಂಗಮ ಬಂದನೆಂದು ಗೇಮಿನಲ್ಲಿ ಬಾಗಿಲು ತೆಗೆದೆ

ಬಾಗಿಲು ತೆಗೆದವಳು ನಾನೇ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಟೀಮಿನ ಹುಡುಗರು ಕಾಮೆಂಟಿನಲ್ಲಿ ಬಂದು ಹೇಳುತ್ತಾರೆ.

ತೆಲಂಗಾಣದ ಗಡಿಯ ಮಕ್ತಲ್‌ನಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಮಧ್ಯಾಹ್ನ ಗಿರಾಕಿಗಳು ಕಡಿಮೆ. ಆ ಹೊತ್ತಿಗೆ ನಾನು ಮೊಬೈಲಿನಲ್ಲಿ ಗೇಮ್ ಆಡುತ್ತೇನೆ.

ದೊಡ್ಡ ಕಾಡು, ರಾಕ್ಷಸರು, ಮಾಟ ಮಂತ್ರ... ಅದರ ನಡುವೆ ನಮ್ಮನ್ನು ಬರಿಗೈಯಲ್ಲಿ ತಂದು ಬಿಡುತ್ತಾರೆ. ಹಸಿವು, ಚಳಿ ತಡೆದುಕೊಂಡು ಬದುಕಬೇಕು, ಮನೆ ಕಟ್ಟಬೇಕು.

ಇದರ ರುಚಿ ಹತ್ತಿಸಿದವನು ಗದ್ವಾಲ್‌ನಲ್ಲಿರುವ ನಮ್ಮ ಭಾವನವರ ಮಗ ಮಲ್ಲು. ಟೀಮ್ ಲೀಡರ್ ಅವನೇ. ಎಲ್ಲರೂ ಸೇರಿ ಒಂದು ಕಲ್ಲಿನ ಕೋಟೆ ಕಟ್ಟಿದ್ದೆವು.

ಅವತ್ತು ಕೋಟೆಯಲ್ಲಿ ನಾನೊಬ್ಬಳೇ. ಹೊರಗೆ ಗಂಟೆಯ ಸದ್ದು. ನೋಡಿದರೆ ಕಾವಿ ಬಟ್ಟೆ, ಹಣೆ ತುಂಬ ಬೂದಿ, ಕೈಯಲ್ಲಿ ಬೆತ್ತ, ಹೆಗಲಿಗೆ ಜೋಳಿಗೆ. ತಲೆಯ ಮೇಲೆ ಹಸಿವಿನ ಗುರುತು ಮಿನುಗುತ್ತಿದೆ.

ನಮ್ಮ ಓಣಿಯಲ್ಲಿ ಭಿಕ್ಷೆಗೆ ಬರುವ ಜಂಗಮರ ಗಂಟೆ ಕೇಳಿಸಿದರೆ ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು ಮೊರದಲ್ಲಿ ಜೋಳ ಹಾಕಿಕೊಂಡು ಬಾಗಿಲಿಗೆ ಹೋಗುತ್ತಾರೆ. ಮದುವೆಯಾಗಿ ಬಂದಾಗಿನಿಂದ ನಾನೂ ಹಾಗೇ. ಬೆರಳು ತಾನಾಗಿಯೇ ಬಟನ್ ಒತ್ತಿತು.

ಅವನು ಜಂಗಮನಲ್ಲ, ವೇಷ ಹಾಕಿದ ಮಾಂತ್ರಿಕ! ಹಿಂದೆಯೇ ರಾಕ್ಷಸರ ದಂಡು ನುಗ್ಗಿತು. ನಾನು ರೊಟ್ಟಿ ಹಿಡಿದು ನಿಂತೇ ಇದ್ದೇನೆ, ಆಚೆ ನಮ್ಮ ಉಗ್ರಾಣ ಧಗಧಗ ಉರಿಯುತ್ತಿದೆ.

ಮಲ್ಲು ಫೋನ್ ಮಾಡಿದ. "ಚಿಗವ್ವ, ನಿನಗ ಬಾಗಲ ತೆಗಿ ಅಂತ ಯಾರ ಹೇಳಿದ್ರು? ಇನ್ನ ಮ್ಯಾಲ ಬಾಗಲ ಕಡಿ ಬರಬ್ಯಾಡ. ಒಳಗ ರೊಟ್ಟಿ ಮಾಡಿಕೋಂತ ಇರು. ಆಗಂಗಿಲ್ಲ ಅಂದ್ರ ಟೀಮ್ ಬಿಡು."

ಸುಟ್ಟುಹೋಗಿದ್ದಕ್ಕೆ ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಆದರೆ ಮನೆಯ ಒಲೆ ಮುಂದಿನಿಂದ ಎದ್ದು ಬಂದವಳಿಗೆ ಅಲ್ಲಿಯೂ ಒಲೆ ಮುಂದೆಯೇ ಕೂತಿರು ಎನ್ನುವುದಾ? ಮೈಯೆಲ್ಲ ಉರಿದುಹೋಯಿತು.

ಟೀಮ್ ಬಿಟ್ಟೆ. ಕಾಡಿಗೆ ಒಬ್ಬಳೇ ಹೊರಟೆ.

ಹೊಸದಾಗಿ ಆಡುವವರು ಇಲ್ಲಿಂದ ಸ್ವಲ್ಪ ಗಮನವಿಟ್ಟು ಓದಿ. ವಿಡಿಯೋಗಳಲ್ಲೆಲ್ಲ ಮೊದಲು ಕತ್ತಿ ಮಾಡಿಕೊಳ್ಳಿ ಎನ್ನುತ್ತಾರೆ. ಹೊಟ್ಟೆಗಿಲ್ಲದೆ ಬಿದ್ದರೆ ಕತ್ತಿ ತಗೊಂಡು ಏನು ಮಾಡುತ್ತೀರಿ? ಮೊದಲು ನೀರು ಹುಡುಕಿ.

ಆದರೆ ನೀರಿನ ಪಕ್ಕದಲ್ಲೇ ಗುಡಿಸಲು ಹಾಕಬೇಡಿ. ನೀರು ಕುಡಿಯಲು ಕರಡಿಯೂ ಅಲ್ಲಿಗೇ ಬರುತ್ತದೆ... ಇದು ಕರಡಿಯ ಬಾಯಿಗೆ ಬಿದ್ದು ಕಲಿತ ಪಾಠ.

ಸಿಕ್ಕಿದ್ದನ್ನೆಲ್ಲ ಹೊತ್ತುಕೊಳ್ಳಬೇಡಿ, ಓಡುವುದಕ್ಕೆ ಆಗುವುದಿಲ್ಲ. ಸತ್ತರೆ ನಾಚಿಕೊಳ್ಳಬೇಡಿ. ನಾನು ಲೆಕ್ಕವಿಲ್ಲದಷ್ಟು ಸಲ ಸತ್ತಿದ್ದೇನೆ, ಈಗ ನಿಮ್ಮ ಮುಂದೆ ಕೂತು ಬರೆಯುತ್ತಿಲ್ಲವೇ?

ಕೊನೆಗೆ ಒಂದು ದಿಬ್ಬದ ಮೇಲೆ ಗುಡಿಸಲು ಹಾಕಿ, ಸುತ್ತ ಬೇಲಿ ಕಟ್ಟಿದೆ. ಸ್ವಲ್ಪ ಹೊತ್ತಿಗೇ ಮತ್ತೆ ಗಂಟೆಯ ಸದ್ದು.

ಈ ಸಲ ಬಾಗಿಲು ತೆಗೆಯಲಿಲ್ಲ. ಹಾಗೆಂದು ಗಂಟೆ ಕೇಳಿ ಸುಮ್ಮನೆ ಕೂರಲೂ ಮನಸ್ಸು ಒಪ್ಪಲಿಲ್ಲ. ಬಂದವನು ಹೋದ ಮೇಲೆ ಒಂದು ಮರದ ಪೆಟ್ಟಿಗೆ ಮಾಡಿ, ರೊಟ್ಟಿ, ಹಣ್ಣು ತುಂಬಿ, ಬೇಲಿಯ ಹೊರಗೆ ಇಟ್ಟೆ.

ಮಾಂತ್ರಿಕ ಬಂದರೂ ನಾನು ಬಾಗಿಲು ತೆರೆಯದೆ ಒಳಗೆ ಬರಲಾರ. ನಿಜವಾಗಿ ಹಸಿದವನು ತಿಂದು ಹೋಗುತ್ತಾನೆ. ಇಷ್ಟೇ ನನ್ನ ಉಪಾಯ.

ಆ ದಾರಿಯಲ್ಲಿ ಬಂದ ಆಟಗಾರರಲ್ಲಿ ಕೆಲವರು ಪೆಟ್ಟಿಗೆಯನ್ನು ಪೂರ್ತಿ ಖಾಲಿ ಮಾಡಿದರು. ಕೆಲವರು ಒಡೆದು ಹಾಕಿ ಚಾಟ್‌ನಲ್ಲಿ ನಕ್ಕರು. ನಗಲಿ ಬಿಡಿ. ನಾನು ಹೊಸ ಪೆಟ್ಟಿಗೆ ಮಾಡಿಟ್ಟೆ.

ಒಂದು ದಿನ ಪೆಟ್ಟಿಗೆಯ ಹತ್ತಿರ ಯಾರೋ ಹೊಸಬಳು ನಿಂತಿದ್ದಳು. "ಅಕ್ಕಾ, ಈ ರೊಟ್ಟೆಲು ಮೀರೇ ಪೆಟ್ಟಾರಾ?" ಎಂದು ತೆಲುಗಿನಲ್ಲಿ ಕೇಳಿದಳು. ಹೌದು, ನಾನೇ ಇಟ್ಟಿದ್ದು ಎಂದು ಕನ್ನಡದಲ್ಲಿ ಹೇಳಿದೆ.

ಕನ್ನಡ ಕೇಳಿದ್ದೇ ತಡ, ಅವಳ ಮಾತು ತಿರುಗಿತು. ನಮ್ಮ ಕಡೆಯದೇ ಊರು ದಾಮರಗಿದ್ದದವಳಂತೆ, ಹೈದರಾಬಾದಿನಲ್ಲಿ ಕಟ್ಟಡದ ಕೆಲಸ. "ನಂಗ ಆಡಾಕ ಬರಂಗಿಲ್ಲಂತ ಯಾರೂ ಟೀಮಿಗೆ ಸೇರಿಸ್ಕೊಳ್ಳವಲ್ರು ಅಕ್ಕಾ," ಎಂದಳು.

ನನ್ನ ಬೇಲಿಯ ಪಕ್ಕದಲ್ಲೇ ಮನೆ ಹಾಕು ಎಂದೆ. ಹಾಕಿದಳು. ಈಗ ಪೆಟ್ಟಿಗೆಗೆ ಹಣ್ಣು ತಂದು ತುಂಬುವುದು ಅವಳ ಕೆಲಸ.

ಮೊನ್ನೆ ಮಲ್ಲು ಅಂಗಡಿಗೇ ಬಂದ. ಬೆಲ್ಲದ ಚೂರೊಂದು ಬಾಯಿಗೆ ಹಾಕಿಕೊಂಡು ಮಾತು ತೆಗೆದ.

"ವಾಪಸ್ ಬಾ ಚಿಗವ್ವ. ಬಾಗಲ ಕಾಯೋದು ಬೇಕಾದ್ರ ನೀನ ಕಾಯಿ. ಆದ್ರ ಆ ಪೆಟ್ಟಿಗಿ ತೆಗಿ. ನಮ್ ಎದುರು ಟೀಮಿನವ್ರು ಅದರಾಗ ತಿಂದು ನಮಗ ಹೊಡ್ಯಾಕ ಬರ್ತಾರ."

ಅವನು ಹೇಳುವುದು ಸುಳ್ಳಲ್ಲ, ತಿನ್ನುತ್ತಾರೆ. ನನಗೂ ಆ ಹುಡುಗರ ನೆನಪಾಗುತ್ತಿತ್ತು, ಅವರ ಕಚ್ಚಾಟ, ನಗು ಎಲ್ಲ. ಒಂದು ಕ್ಷಣ ಹೂಂ ಅನ್ನೋಣ ಅನಿಸಿತು.

"ಮತ್ತ ಆ ದಾಮರಗಿದ್ದದಾಕಿ?" ಎಂದೆ.

"ಆಕಿ ಬ್ಯಾಡ. ಆಕಿಗೆ ಆಡಾಕ ಬರಂಗಿಲ್ಲ."

"ಹಂಗಾದ್ರ ನಾನೂ ಬರಂಗಿಲ್ಲ. ಪೆಟ್ಟಿಗೀನೂ ತೆಗ್ಯಂಗಿಲ್ಲ."

ಒಳಗೆ ಜೋಳ ಹಸನು ಮಾಡುತ್ತಿದ್ದ ಅತ್ತೆಗೆ ಗೇಮ್ ಎಂದರೇನೆಂದೇ ಗೊತ್ತಿಲ್ಲ. ಅಲ್ಲಿಂದಲೇ ಮೊಮ್ಮಗನಿಗೆ ಕೂಗಿದರು: "ಹಸದವ್ರಿಗೆ ಇಟ್ಟಿದ್ದು ತೆಗಿ ಅಂತೀಯೇನೋ? ಯಾರ ಕಲಿಸಿದ್ರೋ ನಿನಗ ಇದನ್ನ?"

ಮಲ್ಲು ಎದ್ದು ಗಾಡಿ ಹತ್ತಿದ. ಗದ್ವಾಲ್ ಮುಟ್ಟಿದನೋ ಇಲ್ಲವೋ, ಟೀಮಿನ ವಾಟ್ಸಾಪ್ ಗ್ರೂಪಿನಿಂದಲೂ ನನ್ನನ್ನು ತೆಗೆದುಹಾಕಿದ್ದ. ಸುಳ್ಳು ಯಾಕೆ ಹೇಳಲಿ, ನೋವಾಯಿತು. ಎತ್ತಿ ಆಡಿಸಿದ ಹುಡುಗ.

ಆದರೂ ಪೆಟ್ಟಿಗೆ ಅಲ್ಲೇ ಇದೆ, ಅಲ್ಲೇ ಇರುತ್ತದೆ. ನಾಳೆ ಮಲ್ಲುವೇ ಹಸಿದು ಬಂದರೂ ತಿನ್ನಲಿ.

ದಿಬ್ಬದ ಮೇಲೆ ಜಾಗ ಬೇಕಾದಷ್ಟಿದೆ... ಆಡಲು ಬರುವುದಿಲ್ಲ ಎಂದು ನಿಮ್ಮಲ್ಲಿ ಯಾರನ್ನೆಲ್ಲ ಹೊರಗೆ ಹಾಕಿದ್ದಾರೆ, ಹೇಳಿ?