ಬಾಗಿಲಿಗೆ ಬಡಿದ ಬಳೆಯ ಸದ್ದು

ಈ ಪತ್ರ ಓದುವ, ಹಂಪಿ ವಿರೂಪಾಕ್ಷನನ್ನು ನಂಬಿದ ಎಲ್ಲರಿಗೂ ಕಡ್ಡಿರಾಂಪುರದ ಒಬ್ಬ ಟಿಪ್ಪರ್ ಡ್ರೈವರ್‌ನ ಶರಣು. ನಾನು ಮುಂಗೋಪಿ. ಆ ಕೋಪ ನನ್ನ ಹೆಂಡತಿ ಗೌರಮ್ಮನ ಜೀವಕ್ಕೇ ಬಂದಿತ್ತು.

ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲ. ಸಂಡೂರಿನ ಗಣಿಯಿಂದ ಲೋಡ್ ಹೊಡೆಯುತ್ತಿದ್ದೆ. ದಿನಾ ಬೆಳಿಗ್ಗೆ ಗಾಡಿಗೆ ಕಾಯಿ ಒಡೆದು ಸ್ವಾಮಿಗೆ ಕೈಮುಗಿಯುತ್ತಿದ್ದೆ. ಕೋಳಿ ಕೂಗುವ ಮುಂಚೆ ಎದ್ದು ರೊಟ್ಟಿ ಬಡಿದವಳಿಗೆ ಒಂದು ಒಳ್ಳೆಯ ಮಾತಿಲ್ಲ. ಮೇಲೆ ಒಂದು ಕಟ್ಟಪ್ಪಣೆ ಬೇರೆ: "ನಾ ಹೊಂಟಾಗ ಹಿಂದಿಂದ ಕರದೀಯಂದ್ರ ನೋಡು." ಹೊರಟವರನ್ನು ಹಿಂದಿನಿಂದ ಕರೆದರೆ ಅಪಶಕುನ ಎಂದು ನಾವು ಡ್ರೈವರ್‌ಗಳು ಬಲವಾಗಿ ನಂಬುತ್ತೇವೆ.

ಮಾಘ ಮಾಸದ ಒಂದು ಸೋಮವಾರ. ಗಾಡಿಯತ್ತ ನಡೆದಿದ್ದೆ. ಬೆನ್ನ ಹಿಂದೆ, ಕೂಗಿ ಕರೆಯುವಂತಿಲ್ಲದ ಗೌರಮ್ಮ ಬಾಗಿಲಿಗೆ ಬಳೆ ಬಡಿಯುವ ಸದ್ದು ಬಂತು. ಒಮ್ಮೆ ಅಲ್ಲ, ಮೂರು ಸಲ. ನನಗೆ ಕೇಳಿಸಿತು. ತಿರುಗಿ ನೋಡಲಿಲ್ಲ.

ಅವತ್ತು ಸಂಡೂರು ರಸ್ತೆಯಲ್ಲಿ ಲಾರಿ ಸಾಲು ಜಪ್ಪಯ್ಯ ಎಂದರೂ ಕದಲಲಿಲ್ಲ. ಸ್ವಾಮಿಗೇ ಬೈದೆ. "ದಿನಾ ಕಾಯಿ ಒಡೀತೀನಿ, ಒಂದರ ಟ್ರಿಪ್ ಬಿಡಬಾರದೇನಪಾ?" ಹಸಿವಾಗಿ ಬುತ್ತಿ ಹುಡುಕಿದರೆ ಬುತ್ತಿಯೇ ಇಲ್ಲ. ಪಿತ್ತ ನೆತ್ತಿಗೇರಿತು. ಪಕ್ಕದ ಡ್ರೈವರ್‌ಗೆ ಗಾಡಿ ನೋಡಿಕೊಳ್ಳಲು ಹೇಳಿ, ಎದುರು ಬಂದ ಹೊಸಪೇಟೆ ಬಸ್ ಹತ್ತಿದೆ. ಅಲ್ಲಿಂದ ಹಂಪಿ ಬಸ್ ಹಿಡಿದು ಊರಲ್ಲಿ ಇಳಿದೆ. ಹೋಗಿದ್ದು ಹೆಂಡತಿಗೆ ಬೈಯಲಿಕ್ಕೆ.

ಆಕೆ ಹೊಸ್ತಿಲಲ್ಲೇ ಕುಸಿದು ಕೂತಿದ್ದಳು. ತುಟಿ ನೀಲಿಗಟ್ಟಿತ್ತು, ಎದೆ ಗೊರ್ ಎನ್ನುತ್ತಿತ್ತು. ನನ್ನ ಬುತ್ತಿ ಮಡಿಲಲ್ಲಿತ್ತು. ಅಕ್ಕಪಕ್ಕದವರೆಲ್ಲ ಬಾಳೆ ತೋಟದ ಕೂಲಿಗೆ ಹೋಗಿದ್ದರು. ಆಟೋದಲ್ಲಿ ಹೊಸಪೇಟೆ ಆಸ್ಪತ್ರೆಗೆ ಒಯ್ದೆ.

ಆಕ್ಸಿಜನ್ ಹಾಕಿ ಡಾಕ್ಟರ್ ಕೇಳಿದರು, "ಇವರು ಮೈನ್ಸಿನಾಗ ಎಷ್ಟು ವರ್ಷ ಕೆಲಸ ಮಾಡ್ಯಾರ?"

"ಗಣಿ ಕಣ್ಣಿಲೇ ಸುದಾ ನೋಡಿಲ್ರಿ."

"ಮತ್ತ ಎದ್ಯಾಗ ಈ ಧೂಳು ಎಲ್ಲಿಂದ ಬಂತು?"

ನಾನು ನನ್ನ ಅಂಗಿ ನೋಡಿಕೊಂಡೆ. ಆರು ವರ್ಷ ಈ ಕೆಂಪು ಬಟ್ಟೆಗಳನ್ನು ದಿನಾ ಕೊಡವಿ ಒಗೆದವಳು ಆಕೆ. ನನಗೆ ನಾಚಿಕೆಯಾಯಿತು. ಆಸ್ಪತ್ರೆಯ ಜಗುಲಿಯಲ್ಲಿ ಕೂತು ಅತ್ತೆ. ಹರಕೆ ಹೊರುವ ಬಾಯಿ ಉಳಿದಿರಲಿಲ್ಲ. ಇಷ್ಟೇ ಬೇಡಿದೆ: "ಸ್ವಾಮಿ, ಆಕಿ ನನ್ನ ಒಂದ್ಸಲ ಹಿಂದಿಂದ ಕರೀಲಿ."

ಮೂರನೆಯ ದಿನ ಚಹಾ ತರಲು ಎದ್ದೆ. ವಾರ್ಡಿನ ಬಾಗಿಲು ದಾಟುತ್ತಿದ್ದೆ.

"ಏನ್ರೀ…"

ಅಲ್ಲೇ ನಿಂತುಬಿಟ್ಟೆ. ಬೇಡಿದ್ದನ್ನು ಸ್ವಾಮಿ ಅಕ್ಷರಶಃ ಕೊಟ್ಟಿದ್ದ. ಹತ್ತಿರ ಹೋಗಿ, "ಭಾಳ ಮಾಡೀ ನನಗ. ನಾ ಒಂದಿನಾನೂ ಒಂದು ಒಳ್ಳೆ ಮಾತು ಅನ್ನಲಿಲ್ಲ" ಎಂದೆ.

"ಹೆಂಡ್ತೀಗೆ ಹಿಂಗೆಲ್ಲಾ ಯಾರರ ಹೇಳ್ತಾರೇನ್ರಿ? ಚಾದಾಗ ಸಕ್ರಿ ಕಡಿಮಿ ಹಾಕ್ಸ್ರಿ, ಅದಕ್ಕ ಕರದೆ" ಎಂದಳು.

ಈಗ ನನ್ನ ಬಟ್ಟೆ ನಾನೇ ಊರ ಹೊರಗೆ ನೆನೆಸಿ ಒಗೆಯುತ್ತೇನೆ. ಉಂಡೆದ್ದಾಗ ಒಂದು ಒಳ್ಳೆಯ ಮಾತು ಹೇಳುತ್ತೇನೆ. ಕೆಲಸಕ್ಕೆ ಹೊರಟರೆ ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತೇನೆ. ಆಕೆ ಕರೆದ ಮೇಲೆಯೇ ಗಾಡಿ ಹತ್ತುವುದು. ಆ ಲಾರಿ ಸಾಲನ್ನು ತಡೆದವನು ವಿರೂಪಾಕ್ಷನೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಒಂದು ಮಾತ್ರ ಉಳಿದಿದೆ. "ಪಾಪ, ಅವತ್ತು ಅವರಿಗೆ ಬಳಿ ಸಪ್ಪಳ ಕೇಳಿಸ್ಲೇ ಇಲ್ಲ" ಎಂದು ಆಕೆ ಬಂದವರಿಗೆಲ್ಲ ಹೇಳುತ್ತಾಳೆ. ನನಗೆ ಕೇಳಿಸಿತ್ತು. ಸ್ವಾಮಿಯ ಮುಂದೆ ತಪ್ಪೊಪ್ಪಿಕೊಂಡಿದ್ದೇನೆ, ಆಕೆಯ ಮುಂದೆ ಇನ್ನೂ ಇಲ್ಲ. ಗೌರಮ್ಮನಿಗೆ ಓದು ಬರುವುದಿಲ್ಲ. ಈ ಪತ್ರವನ್ನು ಇವತ್ತು ಆಕೆಯನ್ನು ಎದುರು ಕೂರಿಸಿಕೊಂಡು ಪೂರ್ತಿ ಓದುತ್ತೇನೆ. ಆಮೇಲೆ ಅಂಚೆಗೆ ಹಾಕುತ್ತೇನೆ.