ಕೂಗುವವನ ಕಲ್ಲು

ನಮ್ಮೂರಲ್ಲಿ ಒಮ್ಮೆ ದೆವ್ವ ಕಾಣಿಸಿಕೊಂಡಿತ್ತು. ಕೆರೆ ಏರಿಯ ಹಿಂದಿನಿಂದ, ತೀರಿಹೋದ ಪಟೇಲರ ದನಿಯಲ್ಲಿ, ‘ನನ್ ಛತ್ರಿ ಯಾವನ್ ತಗಂಡೋದ್ನಲೇ’ ಎಂದು ಕೇಳುತ್ತಿತ್ತು. ಮೂರನೆಯ ದಿನ ಛತ್ರಿ ಒಯ್ದವನು ತಾನಾಗಿ ತಂದು ಪಟೇಲರ ಜಗುಲಿಯ ಮೇಲಿಟ್ಟು ಓಡಿಹೋದ. ಆ ದೆವ್ವ ನಾನೇ. ಹೀಗಾಗಿ ದೆವ್ವ, ಗಾಳಿ, ಶಕುನಗಳ ವಿಷಯದಲ್ಲಿ ನನಗೆ ಒಳಗಿನ ಸಮಾಚಾರ ಗೊತ್ತಿತ್ತು, ಒಳಗೆ ಏನೂ ಇಲ್ಲವೆಂಬುದೂ ಗೊತ್ತಿತ್ತು. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಕುಳಿತರೆ, ಉಳಿದರ್ಧವನ್ನು ಅವರದೇ ದನಿಯಲ್ಲಿ ನಾನೇ ಹೇಳಿ ಮುಗಿಸುತ್ತಿದ್ದೆ. ಈಗ ಹೇಳುವ ಸರದಿ ನನ್ನದು. ಓದುವವರು ನನ್ನನ್ನು ಅಣಕಿಸಿದರೆ ತಕರಾರಿಲ್ಲ.

ಇಂಥ ಕತೆ ಅಮಾವಾಸ್ಯೆಯ ರಾತ್ರಿ, ಒಬ್ಬನೇ ಇರುವಾಗ ನಡೆಯಬೇಕು. ನನ್ನದು ನಡೆದದ್ದು ಮಧ್ಯಾಹ್ನ ಮೂರು ಗಂಟೆಗೆ, ಸುಡುಬಿಸಿಲಲ್ಲಿ, ಎದುರಿಗೆ ಜನ ಇರುವಾಗ. ಅದೂ ಕೆಲಸದ ಸಂದರ್ಶನದಲ್ಲಿ.

ಎಂಟು ವರ್ಷದ ಹಿಂದಿನ ಮಾತು. ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಕಡೆಯವನು ನಾನು. ಬಿ.ಎ. ಮುಗಿಸಿ ಊರಿನಲ್ಲಿ ಎಲ್ಲರ ದನಿ ತೆಗೆಯುತ್ತಾ ತಿರುಗುತ್ತಿದ್ದೆ. ಡೇರಿ ಸೆಕ್ರೆಟರಿ, ಬಸ್ ಕಂಡಕ್ಟರ್, ಕೊನೆಗೆ ಅಪ್ಪ ಕೆಮ್ಮುವುದನ್ನೂ ಬಿಟ್ಟಿರಲಿಲ್ಲ. ಅಪ್ಪ ಒಂದು ದಿನ, ‘ಊರೋರ ದನಿಯೆಲ್ಲಾ ನಿನ್ ಗಂಟ್ಲಾಗೆ ಅವೆ. ಅದ್ರಾಗೆ ನಿಂದು ಯಾವ್ದೈತಲೇ?’ ಎಂದರು. ನಾನು ಅವರದೇ ದನಿಯಲ್ಲಿ ಅದನ್ನೇ ತಿರುಗಿ ಕೇಳಿದೆ. ಆ ಸಂಜೆಯೇ ನನ್ನ ಭವಿಷ್ಯ ನಿರ್ಧಾರವಾಯಿತು. ಹೊಳಲ್ಕೆರೆಯಲ್ಲಿ ಸೋದರಮಾವನ ಸಿಮೆಂಟ್ ಅಂಗಡಿ ಇತ್ತು. ಮುಂದಿನ ಸೋಮವಾರದಿಂದ ಅಲ್ಲಿ ಕುಳಿತುಕೊಳ್ಳಬೇಕು. ಮಾವನದು ಒಂದೇ ಷರತ್ತು: ‘ಗಿರಾಕಿ ಬಂದಾಗ ಬಾಯಿ ಮುಚ್ಕಂಡಿರ್ಬೇಕು.’ ನನ್ನ ಪಾಲಿಗೆ ಅದು ಜೈಲು.

ಅಷ್ಟರಲ್ಲಿ ಆ ನೋಟೀಸು ಕಣ್ಣಿಗೆ ಬಿತ್ತು. ಮತ್ತೋಡಿನ ಆಚೆ, ಹಳೆಯ ಕೋಟೆಯೊಂದರ ಬುಡದಲ್ಲಿ ಪುಟ್ಟ ಮ್ಯೂಸಿಯಂ. ಅದಕ್ಕೆ ‘ಇತಿಹಾಸ ವಿವರಣೆಗಾರರು ಬೇಕಾಗಿದ್ದಾರೆ’. ಊರಿನವರ ಬಾಯಲ್ಲಿ ಅದು ಗೈಡ್ ಕೆಲಸ. ಮಾತಾಡಿದ್ದಕ್ಕೆ ಸಂಬಳ ಕೊಡುವ ಕೆಲಸ ಭೂಮಿಯ ಮೇಲೆ ಇದೆ ಎನ್ನುವುದೇ ನನಗೆ ಆಗ ತಿಳಿದದ್ದು. ಶನಿವಾರ ಸಂದರ್ಶನ. ಸಿಕ್ಕರೆ ಕೋಟೆ, ಇಲ್ಲದಿದ್ದರೆ ಸಿಮೆಂಟು.

ಶನಿವಾರ ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದವನು, ಧೈರ್ಯಕ್ಕೆಂದು ಒಂದು ಪ್ಲೇಟ್ ಮಂಡಕ್ಕಿ, ನಾಲ್ಕು ಮೆಣಸಿನಕಾಯಿ ಬಜ್ಜಿ ತಿಂದೆ. ಈ ಮೆಣಸಿನಕಾಯಿಯನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಸಂದರ್ಶನ ಮಾಡಿದವರು ಇಬ್ಬರು. ಒಬ್ಬರು ಮ್ಯೂಸಿಯಂ ಉಸ್ತುವಾರಿಯ ಸರೋಜಾ ಮೇಡಂ. ಇನ್ನೊಬ್ಬರು ಇತಿಹಾಸ ಪಾಠ ಮಾಡಿ ನಿವೃತ್ತರಾದ ರುದ್ರಪ್ಪ ಮೇಷ್ಟ್ರು. ಮೇಷ್ಟ್ರ ಕೈಯಲ್ಲಿ ಒಂದು ಹಾಳೆ, ಅದರಲ್ಲಿ ಮೂರು ಕಾಲಂ: ಬರೆದದ್ದು, ಕೇಳಿದ್ದು, ಕಟ್ಟಿದ್ದು. ನಾವು ಆಡುವ ಒಂದೊಂದು ಮಾತಿಗೂ ಅವರು ಒಂದೊಂದು ಗೀಟು ಹಾಕುತ್ತಿದ್ದರು. ಶಾಸನದಲ್ಲೋ ದಾಖಲೆಯಲ್ಲೋ ಇದ್ದರೆ ಮೊದಲನೆಯದು. ಹಿರಿಯರ ಬಾಯಿಂದ ಬಂದದ್ದಾದರೆ ಎರಡನೆಯದು. ನಮ್ಮ ತಲೆಯಿಂದ ಹೆಣೆದದ್ದಾದರೆ ಮೂರನೆಯದು. ‘ಮೂರ್ನೇದ್ರಾಗೆ ಒಂದ್ ಗೀಟು ಬಿತ್ತಾ, ಎದ್ದು ಊರಿಗೆ ಹೋಗ್ತಾ ಇರ್ಬೇಕು’ ಎಂದು ಮೊದಲೇ ಹೇಳಿದರು. ಅದಕ್ಕೆ ಕಾರಣವಿತ್ತು. ಹಿಂದಿದ್ದ ಗೈಡು, ಕಾಳು ತುಂಬಿಡುವ ಹಗೇವಿನ ಗುಂಡಿಯನ್ನು ಚಿತ್ರದುರ್ಗಕ್ಕೆ ಹೋಗುವ ಸುರಂಗ ಎಂದು ಹೇಳಿಬಿಟ್ಟಿದ್ದ. ನಂಬಿದ ಪ್ರವಾಸಿಯೊಬ್ಬ ಇಳಿದ. ಚಿತ್ರದುರ್ಗ ಸಿಗಲಿಲ್ಲ. ಹಗ್ಗ ಕಟ್ಟಿ ಎಳೆಯಬೇಕಾಯಿತು.

ಅಭ್ಯರ್ಥಿಗಳು ನಾನು ಮತ್ತು ಚಿತ್ರದುರ್ಗದ ಒಬ್ಬ ಎಂ.ಎ. ಅವನಿಗೆ ಪುಸ್ತಕವೆಲ್ಲ ಬಾಯಿಪಾಠ. ಅವನ ಹಾಳೆ ಮೊದಲ ಕಾಲಂನಲ್ಲೇ ತುಂಬಿಹೋಯಿತು. ನನ್ನದು ಹೆಚ್ಚಾಗಿ ಎರಡನೆಯದರಲ್ಲಿ ಓಡಿತು, ಆದರೂ ಓಡಿತು. ಕೋಟೆಯ ಬಾಗಿಲಲ್ಲಿ ಕಾವಲುಗಾರ ಹೇಗೆ ಗದರಿಸುತ್ತಿದ್ದಿರಬೇಕು ಎಂದು ನಮ್ಮ ಕಂಡಕ್ಟರ್ ದನಿಯಲ್ಲಿ ತೋರಿಸಿದಾಗ ಮೇಡಂ ನಕ್ಕರು. ಗೆದ್ದೆ ಅಂದುಕೊಂಡೆ.

ಕೊನೆಯದು ಅಂಗಳದ ಕಲ್ಲು. ತಗಡಿನ ಚಪ್ಪರದ ಕೆಳಗೆ ನಿಲ್ಲಿಸಿದ್ದ ವೀರಗಲ್ಲು. ಸಾಮಾನ್ಯವಾಗಿ ವೀರಗಲ್ಲಿನ ಕೆಳಗಡೆ ಯುದ್ಧ ಇರುತ್ತದೆ, ಕತ್ತಿ ಹಿಡಿದವನು ಇರುತ್ತಾನೆ. ಇದರಲ್ಲಿ ಕತ್ತಿ ಇಲ್ಲ. ಒಬ್ಬ ಮನುಷ್ಯ ಎರಡೂ ಕೈಯನ್ನು ಬಾಯಿಯ ಹತ್ತಿರ ತಂದು ನಿಂತಿದ್ದಾನೆ, ಕಾಲ ಬಳಿ ಸವೆದುಹೋದ ನಾಲ್ಕೈದು ಪ್ರಾಣಿಗಳು. ಅಕ್ಷರ ಒಂದೂ ಇಲ್ಲ. ಪಕ್ಕದ ಹಲಗೆಯ ಮೇಲೆ ‘ವೀರಗಲ್ಲು. ವಿವರ ತಿಳಿದಿಲ್ಲ’ ಎಂದಿತ್ತು. ಎಂ.ಎ. ಗೆಳೆಯ ಕಲ್ಲನ್ನು ಸುತ್ತು ಹಾಕಿ, ‘ವಿವರ ತಿಳಿದಿಲ್ಲ ಸಾರ್’ ಎಂದ. ಹಲಗೆಯೇ ಸಾಕ್ಷಿ. ಮೊದಲ ಕಾಲಂಗೆ ಇನ್ನೊಂದು ಗೀಟು.

ನಾನೂ ಅದನ್ನೇ ಹೇಳಿದ್ದರೆ ಇಬ್ಬರೂ ಸಮ, ಆಗ ಎಂ.ಎ. ಗೆಲ್ಲುತ್ತದೆ. ಕಲ್ಲನ್ನು ನೋಡಿದೆ. ಬಾಯಿಗೆ ಕೈ ಹಾಗೆ ಹಿಡಿಯುವುದು ಯಾವಾಗ ಎಂದು ನನ್ನಂಥವನಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ‘ಇವ್ನು ಕೂಗ್ತಾವ್ನೆ ಸಾರ್. ಕುರಿ ಕರೀತಾವ್ನೆ’ ಎಂದೆ. ಮೇಷ್ಟ್ರು, ‘ಹೆಂಗೆ ಕರೀತಿದ್ದ?’ ಎಂದು ಕೇಳಿದರು. ಕೆಣಕಲೆಂದೇ ಕೇಳಿದ್ದು.

ಕಲ್ಲಿನ ಪಕ್ಕಕ್ಕೆ ಹೋಗಿ, ಅವನಂತೆಯೇ ನಿಂತು, ಕೈ ಬಾಯಿಗಿಟ್ಟುಕೊಂಡೆ. ಇದನ್ನು ಆಣೆ ಮಾಡಿ ಹೇಳುತ್ತೇನೆ, ಅಂಥ ಕೂಗನ್ನು ನಾನು ಎಲ್ಲಿಯೂ ಕೇಳಿರಲಿಲ್ಲ. ಬಾಯಿಗೆ ಬಂದದ್ದನ್ನು ಕೂಗಿದೆ. ಮೊದಲು ನಾಲಿಗೆ ಹೊರಳಿಸಿ ‘ಟುರ್ರ್ರ್’, ಆಮೇಲೆ ಹೊಟ್ಟೆಯಿಂದ ಉದ್ದಕ್ಕೆ ‘ಹೋ’. ಆ ‘ಹೋ’ ಅರ್ಧಕ್ಕೆ ಬಂದಾಗ ಹೊಸದುರ್ಗದ ಮೆಣಸಿನಕಾಯಿ ಮೇಲಕ್ಕೆ ಬಂತು. ಬಿಕ್ಕಳಿಕೆ. ಕೂಗು ಅಲ್ಲಿ ಎರಡು ತುಂಡಾಗಿ, ಉಳಿದದ್ದು ಸಣ್ಣ ದನಿಯಲ್ಲಿ ಮುಗಿಯಿತು. ಎಂ.ಎ. ಗೆಳೆಯ ನಕ್ಕ. ಕೆಟ್ಟೆನಲ್ಲಪ್ಪ ಎಂದು ನಾನೂ ನಕ್ಕೆ.

ಅಷ್ಟರಲ್ಲಿ ಗೇಟಿನ ಹತ್ತಿರ ಸದ್ದಾಯಿತು.

ರಸ್ತೆಯ ಆಚೆಯ ಹೊಲದಲ್ಲಿ, ಗೊಬ್ಬರಕ್ಕೆಂದು ಯಾರೋ ಕುರಿ ಮಂದೆ ಹಾಕಿಸಿದ್ದರು. ರಾಗಿ ಕೊಯ್ಲಾದ ಮೇಲೆ ಹಿರಿಯೂರು ಕಡೆಯ ಮಂದೆಗಳು ಹೀಗೆ ಬರುತ್ತವೆ. ಆ ಕುರಿಗಳು ಬಂದವು. ಬೆದರಿ ಓಡಿ ಬಂದವಲ್ಲ. ತಲೆ ತಗ್ಗಿಸಿ, ಒಂದರ ಹಿಂದೆ ಒಂದು, ಸಂಜೆ ಹಟ್ಟಿಗೆ ಬರುವಂತೆ ಗೇಟು ದಾಟಿ ಅಂಗಳ ತುಂಬಿದವು. ಮೇಡಂ ಜಗುಲಿ ಹತ್ತಿದರು. ಎಂ.ಎ. ಬೆಂಚು ಹತ್ತಿದ. ಕುರಿಗಳು ಬಂದು ಕಲ್ಲಿನ ಮುಂದೆ ನಿಂತವು. ನಾನೂ ಕಲ್ಲಿನ ಪಕ್ಕದಲ್ಲೇ ನಿಂತಿದ್ದೆ, ಹಾಗಾಗಿ ಯಾರನ್ನು ಹುಡುಕಿಕೊಂಡು ಬಂದವು ಎಂಬುದನ್ನು ಕುರಿಗಳನ್ನೇ ಕೇಳಬೇಕು.

ಹಿಂದೆಯೇ ಕೋಲು ಹಿಡಿದ ಒಬ್ಬ ಅಜ್ಜಿ. ಅವಳ ಹಿಂದೆ ಅವಳ ಮಗ, ಕೊರಳಲ್ಲಿ ಡ್ರಿಲ್ ಮೇಷ್ಟ್ರ ಥರ ಪ್ಲಾಸ್ಟಿಕ್ ಸೀಟಿ.

‘ಯಾರ್ರೀ ಕೂಗಿದ್ದು?’ ಎಂದಳು ಅಜ್ಜಿ.

ಮೇಷ್ಟ್ರು ಪೆನ್ನಿನಿಂದ ನನ್ನತ್ತ ತೋರಿಸಿದರು. ಅಜ್ಜಿ ಕುರಿಗಳನ್ನು ಸರಿಸಿಕೊಂಡು ಬಂದು ನನ್ನ ಮಣಿಕಟ್ಟು ಹಿಡಿದಳು. ‘ಇನ್ನೊಂದ್ ಕಿತ ಕೂಗಪ್ಪ.’

ಕೂಗಿದೆ. ಒಂದು ಕುರಿಯೂ ಕಿವಿ ಅಲ್ಲಾಡಿಸಲಿಲ್ಲ.

‘ಅದಲ್ಲ. ಮಧ್ಯದಾಗೆ ಬಿಕ್ಕಿದ್ಯಲ್ಲ, ಅದ್ನ ಮಾಡು.’

ಬಿಕ್ಕಲು ನೋಡಿದೆ, ಬರಲಿಲ್ಲ. ಅಜ್ಜಿಯ ಹೆಸರು ಸಣ್ಣೀರಮ್ಮ, ಜವನಗೊಂಡನಹಳ್ಳಿ ಕಡೆಯವಳು ಎಂದು ಮಗ ಹೇಳಿದ. ಉಳಿದದ್ದನ್ನು ಅವಳೇ ಹೇಳಿದಳು, ನನ್ನ ಕೈ ಬಿಡದೆ. ‘ನಮ್ ತಾತುಂಗೆ ಕೂಗುವಾಗ ಬಿಕ್ಕು ಬರ್ತಿತ್ತಪ್ಪ. ಕುರಿ ಅದ್ನೇ ಕಲ್ತ್ಕಂಡ್ವು. ನಮ್ಮಪ್ಪುಂಗೆ ಬಿಕ್ಕು ಇರ್ಲಿಲ್ಲ, ಆದ್ರೂ ಬೇಕಂತ್ಲೇ ಬಿಕ್ತಿದ್ದ. ಬಿಕ್ಲಿಲ್ಲಾಂದ್ರೆ ಒಂದ್ ಮರೀನೂ ಕಾಲೆತ್ತಿಡ್ತಿರ್ಲಿಲ್ಲ. ಆಮ್ಯಾಕೆ ನಮ್ಮಣ್ಣ ಕಲ್ತ. ಅಪ್ಪುನ್ ಮ್ಯಾಲೆ ಸಿಟ್ ಮಾಡ್ಕಂಡು ಹೋದೋನು ಬರ್ಲೇ ಇಲ್ಲ. ನಂಗಾಗ ಇನ್ನಾ ಮದ್ವೆ ಆಗಿರ್ಲಿಲ್ಲ.’ ಆ ಕೂಗು ಅಂದಿಗೇ ನಿಂತಿತ್ತು. ಈಗಿನ ಕುರಿಗಳು ಅದನ್ನು ಕೇಳಿಯೇ ಇಲ್ಲ, ಅವಕ್ಕೆ ಗೊತ್ತಿರುವುದು ಮಗನ ಸೀಟಿ.

‘ಅವ್ನೇ ಕಲಿಸ್ದನಾ ನಿಂಗೆ? ಎಲ್ಲವ್ನಪ್ಪ? ಬದ್ಕವ್ನೋ ಇಲ್ವೋ, ಅಷ್ಟೇಳು ಸಾಕು.’

ಈಗ ನನ್ನ ಪರಿಸ್ಥಿತಿ ನೋಡಿ. ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಕಂಬಳಿ ಹೊದ್ದ ಮುದುಕನೊಬ್ಬ ಕಲಿಸಿದ ಎಂದರೆ ಸಾಕು. ಅಜ್ಜಿಗೆ ಅಣ್ಣ ಸಿಗುತ್ತಾನೆ. ಮೇಷ್ಟ್ರ ಗೀಟು ‘ಕೇಳಿದ್ದು’ ಕಾಲಂಗೆ ಬೀಳುತ್ತದೆ. ನನಗೆ ಕೆಲಸ. ಆ ಮುದುಕನ ಗಡ್ಡ, ದನಿ, ಕೆಮ್ಮು, ಎಲ್ಲವೂ ಆಗಲೇ ನನ್ನ ಗಂಟಲಿಗೆ ಬಂದು ಕುಳಿತಿದ್ದವು. ಮೇಷ್ಟ್ರ ಪೆನ್ನು ಹಾಳೆಯ ಮೇಲೆ ಕಾಯುತ್ತಿತ್ತು. ಅಜ್ಜಿ ನನ್ನ ಮಣಿಕಟ್ಟು ಇನ್ನೂ ಬಿಟ್ಟಿರಲಿಲ್ಲ. ಬಾಯಿ ತೆರೆದೆ, ಯಾರ ದನಿಯೂ ಬರಲಿಲ್ಲ. ಬಂದದ್ದು ಒಂದು ಪೀಚು ದನಿ. ಅದು ನನ್ನದೇ ಇರಬೇಕು, ಬಳಸಿ ಅಭ್ಯಾಸವಿರಲಿಲ್ಲ.

‘ಇಲ್ಲಜ್ಜಿ. ನಂಗೆ ಯಾರೂ ಕಲಿಸ್ಲಿಲ್ಲ. ಅದು ನಾನೇ ಕಟ್ಟಿದ್ದು. ಬಿಕ್ಕಿದ್ದು ಮೆಣಸಿನಕಾಯಿ ತಿಂದು.’

ಅಜ್ಜಿ ನನ್ನ ಮುಖ ನೋಡಿದಳು. ಆಮೇಲೆ ನಕ್ಕುಬಿಟ್ಟಳು. ‘ಹೇಳ್ಬ್ಯಾಡ ಅಂತ ಆಣೆ ಇಡಿಸ್ಕಂಡವ್ನಾ? ಅವ್ನು ಹಂಗೇ ಕಣಪ್ಪ, ಹಟಮಾರಿ. ಇರ್ಲಿ ಬಿಡು, ಆಣೆ ಮುರೀಬ್ಯಾಡ.’ ನನ್ನ ಕೆನ್ನೆ ಸವರಿದಳು. ‘ಹೊತ್ತೊತ್ತಿಗೆ ಉಣ್ತಾವ್ನಾ?’

ನನಗೆ ಗೊತ್ತಿಲ್ಲವೆಂಬಂತೆ ತಲೆ ಅಲ್ಲಾಡಿಸಿದೆ. ಅದನ್ನೂ ಅವಳು ಹೌದು ಎಂದೇ ತೆಗೆದುಕೊಂಡಳು. ಮಗ ಸೀಟಿ ಊದಿದ, ಕುರಿಗಳು ತಿರುಗಿದವು, ಅಂಗಳದಲ್ಲಿ ಹಿಕ್ಕೆ ಮತ್ತು ಧೂಳು ಉಳಿಯಿತು.

‘ಯಾವ ಕಾಲಂಗೆ ಹಾಕ್ತೀರಿ ಮೇಷ್ಟ್ರೇ?’ ಎಂದರು ಮೇಡಂ.

ಮೇಷ್ಟ್ರು ನನ್ನತ್ತ ನೋಡಿದರು. ‘ಏನಪ್ಪ, ನಿಜ ಹೇಳು. ಯಾರ ಹತ್ರ ಕೇಳಿದ್ದು?’

‘ಕಟ್ಟಿದ್ದು ಸಾರ್.’

‘ಕಟ್ಟಿದ್ದಕ್ಕೆ ಕುರಿ ಬರ್ತಾವೇನಲೇ!’ ಎಂದು ಗದರಿದವರು, ಗೀಟು ಹಾಕದೆ ಹಾಳೆ ಮಡಚಿ ಜೇಬಿಗಿಟ್ಟುಕೊಂಡರು.

ನಾನು ಸಿಮೆಂಟಿಗೆ ಸಿದ್ಧನಾದೆ. ಸೋಮವಾರ ಅಂಗಡಿಯಲ್ಲಿ ಕುಳಿತೂ ಕುಳಿತೆ. ಹಿಂದಿನ ಬೀದಿಯಲ್ಲಿ ಯಾರದೋ ಕುರಿಗಳು ಮೇಯುವುದು ಕಂಡು, ಪರೀಕ್ಷೆ ಮಾಡೋಣವೆಂದು ಹೊರಗೆ ನಿಂತು ಕೂಗಿದೆ. ಓಡಿ ಬಂದದ್ದು ಸೋದರಮಾವ ಒಬ್ಬನೇ. ಗುರುವಾರ ಕಾಗದ ಬಂತು, ಕೆಲಸ ನನಗೆ. ಬಹಳ ದಿನಗಳ ಮೇಲೆ ಮೇಷ್ಟ್ರನ್ನು ಕಾರಣ ಕೇಳಿದೆ. ‘ಕಟ್ಟೋರನ್ನ ಬೇಕಾದಷ್ಟು ನೋಡಿದೀನಿ. ಕೆಲ್ಸ ಹೋಗ್ತದೆ ಅಂತ ಗೊತ್ತಿದ್ದೂ ಕಟ್ಟಿದ್ದು ಅಂತ ಒಪ್ಕಂಡೋನು ನೀನೊಬ್ನೇ’ ಎಂದರು. ಆಮೇಲೆ ದನಿ ತಗ್ಗಿಸಿ, ‘ಈಗಾದ್ರೂ ಹೇಳು, ಯಾರ ಹತ್ರ ಕೇಳಿದ್ದು?’ ಎಂದರು. ಜೀವಮಾನದಲ್ಲಿ ನಾನು ಹೇಳಿದ ಅತಿ ದೊಡ್ಡ ಸತ್ಯವನ್ನು ಇದುವರೆಗೆ ಒಬ್ಬರೂ ನಂಬಿಲ್ಲ. ನನ್ನಂಥವನಿಗೆ ಇದು ಆಗಬೇಕಾದದ್ದೇ.

ವಿವರಣೆಗೆ ನಾನೂ ಹುಡುಕಿದ್ದೇನೆ. ಚಿಕ್ಕಂದಿನಲ್ಲಿ ಯಾವನೋ ಕುರಿಗಾಹಿಯ ಕೂಗು ಕಿವಿಗೆ ಬಿದ್ದು ಉಳಿದಿತ್ತೇನೋ ಎಂದು ಅವ್ವನನ್ನು ಕೇಳಿದೆ. ನಮ್ಮ ಕಡೆಗೆ ಅಂಥವರು ಬಂದ ನೆನಪೇ ಅವಳಿಗಿಲ್ಲ. ಬಂದಿದ್ದರೂ ಆಗಿನ ಕುರಿಗಳು ಈಗ ಎಲ್ಲಿ? ಕುರಿ ಯಾವ ಸದ್ದಿಗಾದರೂ ಬರುತ್ತದೆ ಎನ್ನೋಣವೆಂದರೆ ಬಿಕ್ಕಿಲ್ಲದ ಕೂಗಿಗೆ ಬರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಮ್ಯೂಸಿಯಂನ ಹಳೆಯ ರಿಜಿಸ್ಟರ್ ತೆಗೆದು ನೋಡಿದೆ. ಆ ಕಲ್ಲು ಬಂದದ್ದು ಅಜ್ಜಿಯ ಅದೇ ಜವನಗೊಂಡನಹಳ್ಳಿ ಕಡೆಯಿಂದ. ರಿಜಿಸ್ಟರ್ ಮುಚ್ಚಿಟ್ಟೆ.

ಸಣ್ಣೀರಜ್ಜಿ ಈಗಲೂ ವರ್ಷಕ್ಕೊಮ್ಮೆ ಮಂದೆಯ ಜೊತೆ ಬರುತ್ತಾಳೆ. ಅಣ್ಣನ ಸುದ್ದಿ ಎತ್ತುವುದಿಲ್ಲ, ಆಣೆ ಮುರಿಸಬಾರದಲ್ಲ. ಗೇಟಿನ ಹತ್ತಿರ ನಿಂತು ‘ಕೂಗಪ್ಪ’ ಎನ್ನುತ್ತಾಳೆ. ಯಾರ ಬಿಕ್ಕಳಿಕೆಯನ್ನು ಬೇಕಾದರೂ ಅಣಕಿಸಬಲ್ಲೆ, ಆ ಒಂದು ಬಿಕ್ಕು ಮಾತ್ರ ಬೇಕೆಂದಾಗ ಬರುವುದಿಲ್ಲ. ಹೊಸದುರ್ಗದ ಬಜ್ಜಿಯನ್ನು ಪ್ಲೇಟುಗಟ್ಟಲೆ ತಿಂದೂ ನೋಡಿದ್ದೇನೆ. ಅದರ ಪರಿಣಾಮ ಬೇರೆ ಕಡೆ ಆಯಿತು. ‘ಇವತ್ತು ಬರ್ಲಿಲ್ಲ, ಇರ್ಲಿ ಬಿಡು’ ಎಂದು ಅಜ್ಜಿ ಹೋಗುತ್ತಾಳೆ. ಎಂಟು ವರ್ಷದಲ್ಲಿ ಎರಡು ಸಲ ತಾನಾಗಿ ಬಂತು, ಎರಡು ಸಲವೂ ಖಾಲಿ ಹೊಟ್ಟೆಯಲ್ಲಿ. ಎರಡು ಸಲವೂ ಕುರಿಗಳು ಕಲ್ಲಿನ ಮುಂದೆ ಬಂದು ನಿಂತವು.

ಮೇಷ್ಟ್ರ ಮೂರು ಕಾಲಂ ಈಗ ಮ್ಯೂಸಿಯಂನ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದೇವೆ. ಬಂದವರು ನನ್ನ ಯಾವ ಮಾತಿಗೂ, ಇದು ಯಾವ ಕಾಲಂ ಎಂದು ಕೇಳಬಹುದು, ನಾನು ಉತ್ತರ ಕೊಡಬೇಕು. ಕೋಟೆಯ ಕಲ್ಲುಕಲ್ಲಿಗೂ ಕೊಡುತ್ತೇನೆ. ಅಂಗಳಕ್ಕೆ ಬಂದಾಗ ಸ್ಕೂಲ್ ಮಕ್ಕಳಲ್ಲಿ ಒಂದಾದರೂ ಕೈ ಎತ್ತುತ್ತದೆ. ‘ಸಾರ್, ಇವ್ನು ಕುರಿ ಕರೀತಾವ್ನೆ ಅಂದ್ರಲ್ಲ, ಅದು ಬರೆದದ್ದಾ, ಕೇಳಿದ್ದಾ, ಕಟ್ಟಿದ್ದಾ?’

ಬಾಯಿಗೆ ಕೈ ಹಿಡಿದು ನಿಂತವನನ್ನು ಒಮ್ಮೆ ನೋಡುತ್ತೇನೆ. ಆಮೇಲೆ, ಯಾರಿಗೂ ಮಾತು ಬಾಕಿ ಉಳಿಸಿಕೊಳ್ಳದ ನಾನು, ‘ಬರ್ರಿ, ಮುಂದಿನ ಕಲ್ಲಿಗೆ ಹೋಗಾಣ’ ಎನ್ನುತ್ತೇನೆ.